ಹಳೆಯ ಬೇಟೆ ರೈಫಲ್‌ನ ಟ್ರಿಗರ್: ದೋಷ ಹುಡುಕಿ ಸರಿಪಡಿಸುವ ಕ್ರಮ

ಹಳೆಯ ಬೋಲ್ಟ್ ರೈಫಲ್‌ನ ಟ್ರಿಗರ್ ಬಿಗಿ ಎನಿಸಿದಾಗ, ಎಳೆಯುವಾಗ ಕಿರುಗುಟ್ಟಿದಾಗ, ಒಂದು ಸಲ ಹಗುರ ಇನ್ನೊಂದು ಸಲ ಭಾರ ಬಂದಾಗ ಬಹಳ ಜನರ ಕೈ ನೇರವಾಗಿ ಸ್ಪ್ರಿಂಗ್‌ಗೆ ಇಲ್ಲವೇ ಸಾಣೆಕಲ್ಲಿಗೆ ಹೋಗುತ್ತದೆ. ಇವೆರಡೂ ಕೊನೆಗೆ ಬರಬೇಕಾದ ಕೆಲಸಗಳು. ಕೆಟ್ಟ ಟ್ರಿಗರ್ ಎಂದು ದೂರಿಸಿಕೊಳ್ಳುವ ರೈಫಲ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಗಟ್ಟಿಯಾದ ಹಳೆ ಎಣ್ಣೆ, ಮರಕ್ಕೆ ತಾಗುತ್ತಿರುವ ಟ್ರಿಗರ್ ಅಥವಾ ತಪ್ಪು ಬಿಗಿತದ ಸ್ಕ್ರೂ. ಉಕ್ಕನ್ನು ಒಮ್ಮೆ ತೆಗೆದರೆ ಮತ್ತೆ ಹಾಕಲು ಬರುವುದಿಲ್ಲ. ಆದ್ದರಿಂದ ಹಿಂದಕ್ಕೆ ತಿರುಗಿಸಬಹುದಾದ ಕೆಲಸ ಮೊದಲು, ತಿರುಗಿಸಲಾಗದ್ದು ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಯ ನಂತರ ಅಳತೆ.

ಇಲ್ಲಿ ಹೇಳಿರುವುದೆಲ್ಲ ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆದು ಮುಚ್ಚುವ ಬೋಲ್ಟ್ ರೈಫಲ್‌ಗೆ ಮಾತ್ರ. ಟ್ರಿಗರ್ ಕೆಲಸವನ್ನು ಪರವಾನಗಿ ಇರುವ ಬಂದೂಕು ರಿಪೇರಿಗಾರರೇ ಮಾಡಬೇಕೆಂಬ ನಿಯಮ ಕೆಲವು ದೇಶಗಳಲ್ಲಿದೆ. ನೀವಿರುವಲ್ಲಿ ಏನೆಂದು ಮೊದಲು ತಿಳಿದುಕೊಳ್ಳಿ. ನಿಯಮ ಅಡ್ಡ ಬಂದರೂ ಪರೀಕ್ಷೆಯ ಭಾಗ ನಿಮಗೆ ಉಪಯೋಗಕ್ಕೆ ಬರುತ್ತದೆ, ದೋಷ ಎಲ್ಲಿದೆ ಎಂದು ರಿಪೇರಿಗಾರರಿಗೆ ಸರಿಯಾಗಿ ಹೇಳಬಹುದು.

ಕೆಲಸಕ್ಕೆ ಕೂರುವ ಮುನ್ನ

ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ಮ್ಯಾಗಜೀನ್ ಖಾಲಿ ಮಾಡಿ, ಬೋಲ್ಟ್ ತೆಗೆದು ಚೇಂಬರ್‌ಗೆ (ನಳಿಗೆಯಲ್ಲಿ ತೋಟಾ ಕೂರುವ ಹಿಂತುದಿ) ಬೆರಳು ಹಾಕಿ ಖಾಲಿ ಇದೆಯೆಂದು ಮುಟ್ಟಿ ನೋಡಿ. ಕಣ್ಣಿಗೆ ಕಂಡದ್ದು ಸಾಲದು. ಪರೀಕ್ಷೆಗಾಗಿ ಮತ್ತೆ ಮತ್ತೆ ಫೈರಿಂಗ್ ಪಿನ್ (ತೋಟಾದ ಹಿಂಬದಿಗೆ ಬಡಿಯುವ ಕಡ್ಡಿ) ಬೀಳಿಸಬೇಕಾಗುತ್ತದೆ, ಹಾಗಾಗಿ ಅದೇ ಕ್ಯಾಲಿಬರ್‌ನ ಸ್ನ್ಯಾಪ್ ಕ್ಯಾಪ್, ಅಂದರೆ ಮದ್ದಿಲ್ಲದ ನಕಲಿ ತೋಟಾ, ಎರಡು ಬೇಕು. ರಿಮ್‌ಫೈರ್ ರೈಫಲ್ (ಪಿನ್ ತೋಟಾದ ಅಂಚಿಗೆ ಬಡಿಯುವ ಬಗೆ) ಆದರೆ ಇದು ಇನ್ನೂ ಮುಖ್ಯ: ಖಾಲಿ ಚೇಂಬರ್ ಮೇಲೆ ಪಿನ್ ಬಿದ್ದರೆ ಚೇಂಬರ್ ಅಂಚು ಜಜ್ಜಿಹೋಗುವ ಸಾಧ್ಯತೆ ಇದೆ.

ಉಳಿದ ಸಾಮಾನು ಹೆಚ್ಚೇನಿಲ್ಲ. ಸ್ಕ್ರೂ ತಲೆಯ ಸೀಳಿಗೆ ಸರಿಯಾಗಿ ಕೂರುವ, ಪಕ್ಕಗಳು ಸಮಾನಾಂತರವಾಗಿರುವ ಸ್ಕ್ರೂಡ್ರೈವರ್ ಬಿಟ್‌ಗಳು, ಟ್ರಿಗರ್ ತೂಕದ ಗೇಜ್, 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಲೈಟರ್‌ಗೆ ಹಾಕುವ ನಾಫ್ತಾ ದ್ರವ, ಸಣ್ಣ ಬ್ರಷ್, ಕಪ್ಪು ಮಾರ್ಕರ್ ಪೆನ್, ಟಾರ್ಕ್ ತೋರಿಸುವ ಸ್ಕ್ರೂಡ್ರೈವರ್. ಮನೆಯ ಸಾಮಾನ್ಯ ಸ್ಕ್ರೂಡ್ರೈವರ್‌ನ ತುದಿ ಬೆಣೆಯಂತೆ ಇಳಿಜಾರಾಗಿರುತ್ತದೆ, ಹಳೆ ರೈಫಲ್‌ನ ಸ್ಕ್ರೂ ತಲೆಗಳು ಹಾಳಾಗುವುದು ಅದರಿಂದಲೇ.

ಮೊದಲು ಅಳೆಯಿರಿ

ಗೇಜ್‌ನ ಕೊಕ್ಕೆಯನ್ನು ಬೆರಳು ಕೂರುವ ಜಾಗದಲ್ಲೇ, ಟ್ರಿಗರ್ ಬಾಗಿನ ನಡುವೆ ಇಡಿ. ನಳಿಗೆಗೆ ಸಮಾನಾಂತರವಾಗಿ ನೇರ ಹಿಂದಕ್ಕೆ, ನಿಧಾನವಾಗಿ ಎಳೆಯಿರಿ. ಕೊಕ್ಕೆ ತುದಿಯ ಕಡೆ ಜಾರಿದರೆ ಸನ್ನೆಯ ಉದ್ದ ಹೆಚ್ಚಾಗಿ ತೂಕ ಕಡಿಮೆ ತೋರಿಸುತ್ತದೆ, ಮೇಲಕ್ಕೆ ಹೋದರೆ ಹೆಚ್ಚು. 10 ಸಲ ಅಳೆದು ಎಲ್ಲವನ್ನೂ ಬರೆದುಕೊಳ್ಳಿ. ಸರಾಸರಿಗಿಂತ ಮುಖ್ಯವಾದದ್ದು ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವಿನ ಅಂತರ. 100 ಗ್ರಾಂ ಒಳಗಿದ್ದರೆ ಯಂತ್ರ ಸಮಸ್ಥಿತಿಯಲ್ಲಿದೆ. 250 ಗ್ರಾಂ ದಾಟಿದರೆ ಎಲ್ಲೋ ಏನೋ ತಿಕ್ಕುತ್ತಿದೆ, ಅಂಟುತ್ತಿದೆ ಅಥವಾ ಸಿಯರ್ (ಟ್ರಿಗರ್ ಎಳೆಯುವವರೆಗೆ ಫೈರಿಂಗ್ ಪಿನ್ ಅನ್ನು ತಡೆದು ಹಿಡಿಯುವ ತುಂಡು) ಪ್ರತಿ ಸಲ ಒಂದೇ ಜಾಗದಲ್ಲಿ ಕೂರುತ್ತಿಲ್ಲ. ಆಗ ಸ್ಪ್ರಿಂಗ್ ಸಡಿಲಿಸಿದರೆ ಆ ಏರುಪೇರು ಹಾಗೇ ಉಳಿದು ಇಡೀ ಎಳೆತ ಅಪಾಯದ ಕಡೆಗೆ ಇಳಿಯುತ್ತದೆ.

ಗೇಜ್ ಇಲ್ಲದಿದ್ದರೆ ತೂಕದ ಬಟ್ಟುಗಳಲ್ಲೇ ಮಾಡಬಹುದು. ಖಾಲಿ ರೈಫಲ್‌ನ ಬೋಲ್ಟ್ ಮುಚ್ಚಿ ಕಾಕ್ ಮಾಡಿ (ಫೈರಿಂಗ್ ಪಿನ್ ಬೀಳಲು ಸಿದ್ಧವಾಗಿ ಸಿಯರ್‌ಗೆ ಸಿಕ್ಕಿ ನಿಲ್ಲಬೇಕು), ನಳಿಗೆ ಮೇಲಾಗಿ ನೇರ ನಿಲ್ಲಿಸಿ, ತಂತಿಯ ಕೊಕ್ಕೆಯಿಂದ ಟ್ರಿಗರ್‌ಗೆ ತೂಕ ತೂಗಿಸಿ ರೈಫಲ್ಲನ್ನು ನಿಧಾನವಾಗಿ ಎತ್ತಿ. ತೂಕ ನೆಲ ಬಿಟ್ಟ ಮೇಲೂ ಪಿನ್ ಬೀಳದಿದ್ದರೆ ಎಳೆತ ಅದಕ್ಕಿಂತ ಹೆಚ್ಚಿದೆ ಎಂದರ್ಥ. 50 ಗ್ರಾಂನಷ್ಟು ಹೆಚ್ಚಿಸುತ್ತ ಹೋಗಿ.

ಬೇಟೆಗೆ ಬಳಸುವ ರೈಫಲ್‌ಗೆ ಸುಮಾರು 1.4 ಕೆ.ಜಿ. ಅಂದರೆ 3 ಪೌಂಡ್ ಒಳ್ಳೆಯ ಗುರಿ. ಸಿಯರ್ ಮೇಲೆ ಫೈರಿಂಗ್ ಪಿನ್ ಸ್ಪ್ರಿಂಗ್‌ನ ಪೂರ್ತಿ ಒತ್ತಡ ನೇರವಾಗಿ ಬೀಳುವ ಹಳೆ ಸೈನ್ಯದ ಮಾದರಿಗಳಲ್ಲಿ 1.6ರಿಂದ 1.8 ಕೆ.ಜಿ.ಗೆ ನಿಲ್ಲಿಸುವುದು ಲೇಸು. ಚಳಿಯಲ್ಲಿ ಮರಗಟ್ಟಿದ ಬೆರಳು, ದಪ್ಪ ಕೈಗವಸು, ಓಡಿ ಬಂದ ಉಸಿರು ಇವೆಲ್ಲದರ ಜೊತೆ ಬಳಸುವ ಆಯುಧ ಇದು. ಬೆಂಚಿನ ಮೇಲೆ ಗುರಿ ಹೊಡೆಯುವ ರೈಫಲ್‌ನ ಅಳತೆಗಳನ್ನು ಇದಕ್ಕೆ ತರಬಾರದು. ಅಲ್ಲದೆ, ಸ್ವಚ್ಛವಾಗಿ ಗಾಜಿನಂತೆ ಮುರಿಯುವ 1.8 ಕೆ.ಜಿ. ಟ್ರಿಗರ್, ಮರಳಿನಲ್ಲಿ ಎಳೆದಂತಿರುವ 1.2 ಕೆ.ಜಿ. ಟ್ರಿಗರ್‌ಗಿಂತ ಬೆರಳಿಗೆ ಹಗುರ ಅನಿಸುತ್ತದೆ. ತೂಕದ ಹಿಂದೆ ಬೀಳುವವರು ಇದನ್ನು ಗಮನಿಸುವುದಿಲ್ಲ.

ಬೆರಳು ಏನು ಹೇಳುತ್ತಿದೆ

ಕಣ್ಣು ಮುಚ್ಚಿ ಟ್ರಿಗರನ್ನು ಬಹಳ ನಿಧಾನವಾಗಿ ಒತ್ತಿ. ಬೆರಳಿಗೆ ತಿಳಿಯುವ ಮೂರು ಬಗೆಯ ಚಲನೆಯನ್ನು ಬೇರೆ ಬೇರೆಯಾಗಿ ಗುರುತಿಸಬೇಕು.

ಮೊದಲು ಒಂದೇ ಹಗುರ ಒತ್ತಡಕ್ಕೆ ಟ್ರಿಗರ್ ಹಿಂದೆ ಬಂದು, ಒಂದು ಗೋಡೆಗೆ ತಾಗಿದಂತೆ ನಿಂತರೆ ಅದು ಮೊದಲ ಹಂತ. ಮೌಸರ್ 98, ಲೀ-ಎನ್‌ಫೀಲ್ಡ್‌ನಂಥ ರೈಫಲ್‌ಗಳಲ್ಲಿ ಇದು ಉದ್ದೇಶಪೂರ್ವಕ, ದೋಷವಲ್ಲ. ಗೋಡೆಗೆ ತಾಗಿದ ಮೇಲೆ ಪಿನ್ ಬೀಳುವವರೆಗೆ ಭಾರದಲ್ಲೇ ಚೂರು ಚೂರು ಜರುಗಿದರೆ ಅದು ಕ್ರೀಪ್: ಸಿಯರ್‌ನ ಕಚ್ಚು, ಅಂದರೆ ಒಂದಕ್ಕೊಂದು ಸಿಕ್ಕಿ ನಿಂತ ಮುಖಗಳು, ಒಂದರ ಮೇಲೊಂದು ಜಾರುತ್ತಿವೆ. ಪಿನ್ ಬಿದ್ದ ಮೇಲೂ ಟ್ರಿಗರ್ ಹಿಂದಕ್ಕೆ ಹೋಗುತ್ತಿದ್ದರೆ ಓವರ್‌ಟ್ರಾವೆಲ್. ಓವರ್‌ಟ್ರಾವೆಲ್ ಗುಂಡು ಹಾರುವ ಹೊತ್ತಿಗೆ ಕೈ ಅಲುಗಿಸಿ ಗುರಿ ಸ್ವಲ್ಪ ಕೆಡಿಸುತ್ತದೆ. ಅದು ಇದ್ದರೆ ಸುರಕ್ಷತೆಗೆ ತೊಂದರೆಯಿಲ್ಲ, ಪೂರ್ತಿ ಇಲ್ಲದಿದ್ದರೆ ತೊಂದರೆ. ಇದರ ಬಗ್ಗೆ ಮುಂದೆ ಇದೆ.

ಇನ್ನೊಂದು ಪರೀಕ್ಷೆ, ಬಹುಪಾಲು ಜನ ಮಾಡುವುದೇ ಇಲ್ಲ. ಟ್ರಿಗರನ್ನು ಕ್ರೀಪ್‌ನ ಅರ್ಧದವರೆಗೆ ಒತ್ತಿ, ಪಿನ್ ಬೀಳಿಸದೆ ಬಿಟ್ಟುಬಿಡಿ. ಮತ್ತೆ ಒತ್ತಿದಾಗ ಮೊದಲಿನಷ್ಟೇ ದೂರ ಜರುಗಬೇಕು, ಮೊದಲಿನಷ್ಟೇ ತೂಕ ಬೇಕು. ಈಗ ಕಡಿಮೆ ಒತ್ತಡಕ್ಕೆ ಥಟ್ಟನೆ ಬಿದ್ದರೆ ಸಿಯರ್ ಅರ್ಧ ಜಾರಿದ ಜಾಗದಲ್ಲೇ ಉಳಿದಿತ್ತು, ಸ್ಪ್ರಿಂಗ್ ಅದನ್ನು ಹಿಂದಕ್ಕೆ ತರಲಿಲ್ಲ. ಹೀಗೆ ನಡೆದುಕೊಳ್ಳುವ ರೈಫಲ್ಲನ್ನು ಸರಿಪಡಿಸುವವರೆಗೆ ಕಾಡಿಗೆ ಒಯ್ಯಬಾರದು.

ಮರ ಮತ್ತು ಸ್ಕ್ರೂ

ಸ್ಟಾಕ್ (ರೈಫಲ್‌ನ ಮರದ ಮೈ) ಬಿಚ್ಚುವ ಮುಂಚೆ ಟ್ರಿಗರನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ನೋಡಿ. ಒಂದು ಪಕ್ಕದಲ್ಲಿ ಟ್ರಿಗರ್ ಗಾರ್ಡ್‌ನ ಸೀಳಿಗೆ ಅಥವಾ ಮರಕ್ಕೆ ತಾಗಿದ್ದರೆ ಅಲ್ಲಿ ಬಣ್ಣ ಸವೆದು ಹೊಳೆಯುವ ಗೆರೆ ಕಾಣುತ್ತದೆ. ಮಳೆಗಾಲದಲ್ಲಿ ಬಿಗಿ, ಬೇಸಿಗೆಯಲ್ಲಿ ಹಗುರ ಎನ್ನುವ ರೈಫಲ್‌ನಲ್ಲಿ ಮೊದಲು ಅನುಮಾನಿಸಬೇಕಾದದ್ದು ಮರ ಊದಿಕೊಂಡಿರುವುದನ್ನು.

ಈಗ ಬೋಲ್ಟ್, ಟ್ರಿಗರ್ ಇರುವ ಉಕ್ಕಿನ ಭಾಗವನ್ನು ಸ್ಟಾಕ್‌ಗೆ ಕಟ್ಟುವ ಆ್ಯಕ್ಷನ್ ಸ್ಕ್ರೂಗಳನ್ನು ಸಡಿಲಿಸಿ ಸ್ಟಾಕ್ ತೆಗೆಯಿರಿ. ಮುಂದಿನದು, ಹಿಂದಿನದು ಬೇರೆ ಬೇರೆ ಉದ್ದ ಇರುತ್ತವೆ, ಕಲಸಬೇಡಿ. ಮುಂದಿನ ಜಾಗಕ್ಕೆ ಉದ್ದದ ಸ್ಕ್ರೂ ಹಾಕಿದರೆ ತುದಿ ಬೋಲ್ಟ್‌ನ ಕಿವಿಗಳಿಗೆ ತಾಗಿ ಬೋಲ್ಟ್ ಸಿಕ್ಕಿಕೊಳ್ಳುತ್ತದೆ. ಸ್ಟಾಕ್ ಇಲ್ಲದೆಯೇ ಮತ್ತೆ 10 ಸಲ ಅಳೆಯಿರಿ. ಅಂತರ ಒಮ್ಮೆಲೇ ಕಡಿಮೆಯಾದರೆ ದೋಷ ಟ್ರಿಗರ್‌ನಲ್ಲಿಲ್ಲ. ಸ್ಟಾಕ್‌ನ ಒಳಭಾಗದಲ್ಲಿ ಟ್ರಿಗರ್ ಕೂರುವ ಗುಂಡಿಗೆ ಬೆಳಕು ಹಿಡಿದು ಉಕ್ಕಿನ ಗುರುತು ಎಲ್ಲಿದೆ ನೋಡಿ. ಟ್ರಿಗರ್ ಪೆಟ್ಟಿಗೆಯ ಸುತ್ತ ಎಲ್ಲ ಕಡೆ ಕನಿಷ್ಠ 1 ಮಿ.ಮೀ. ಬಿಡುವಿರಲಿ. ಮರವನ್ನು ಚಾಣದಿಂದ ಚೂರೇ ತೆಗೆದು, ಬರಿ ಮರ ತೇವ ಹೀರದಂತೆ ವಾರ್ನಿಶ್ ಬಳಿಯಿರಿ.

ಲೀ-ಎನ್‌ಫೀಲ್ಡ್ ಬಗ್ಗೆ ಇಲ್ಲೇ ಹೇಳಬೇಕು. ನಂ. 1 ಮತ್ತು ನಂ. 4 ಮಾರ್ಕ್ 1 ರೈಫಲ್‌ಗಳಲ್ಲಿ ಟ್ರಿಗರ್ ತಿರುಗುವ ಪಿನ್ ಇರುವುದು ಟ್ರಿಗರ್ ಗಾರ್ಡ್‌ನಲ್ಲಿ, ಸಿಯರ್ ಇರುವುದು ರಿಸೀವರ್‌ನಲ್ಲಿ, ಅಂದರೆ ಬೋಲ್ಟ್ ಓಡಾಡುವ ಉಕ್ಕಿನ ಭಾಗದಲ್ಲಿ. ನಡುವೆ ಇರುವುದು ಮರ. ಮರ ಒಣಗಿ ಕುಗ್ಗಿದಾಗ, ಯಾರೋ ಸ್ಕ್ರೂ ಬಿಗಿ ಮಾಡಿ ಮರ ಅದುಮಿದಾಗ ಇವೆರಡರ ಅಂತರ ಬದಲಾಗಿ ಮೊದಲ ಹಂತವೇ ಕಳೆದುಹೋಗಬಹುದು, ಎರಡನೆಯದು ಭಾರವಾಗಬಹುದು. ಸಿಯರ್‌ಗೆ ಸಾಣೆ ಹಿಡಿದು ಇದನ್ನು ಸರಿಮಾಡಲು ಹೋದವರು ಒಳ್ಳೆಯ ಭಾಗವನ್ನು ಹಾಳುಮಾಡಿದ್ದಾರೆ. ಮರ ಕೂರುವ ಜಾಗವನ್ನು ಸರಿಪಡಿಸುವುದೇ ಮದ್ದು. ನಂ. 4 ಮಾರ್ಕ್ 2ರಲ್ಲಿ ಟ್ರಿಗರನ್ನು ರಿಸೀವರ್‌ಗೇ ನೇತುಹಾಕಿದ್ದು ಈ ತೊಂದರೆ ತಪ್ಪಿಸಲಿಕ್ಕೇ.

ಮತ್ತೆ ಕೂಡಿಸುವಾಗ ಮರದ ಸ್ಟಾಕ್‌ಗೆ ಸುಮಾರು 5 ನ್ಯೂಟನ್ ಮೀಟರ್, ಲೋಹದ ಕಂಬ ಕೂರಿಸಿದ ಸ್ಟಾಕ್‌ಗೆ 7ರ ಆಸುಪಾಸು ಸಾಕು. ಮೂರು ಸ್ಕ್ರೂ ಇದ್ದರೆ ನಡುವಿನದು ಭಾರ ಹೊರುವುದಲ್ಲ, ಅದನ್ನು ಮುಟ್ಟುವಷ್ಟು ಬಿಗಿ ಮಾಡಿದರೆ ಸಾಕು. ಅದನ್ನು ಎಳೆದು ಬಿಗಿದರೆ ರಿಸೀವರ್ ಬಾಗುತ್ತದೆ.

ಗಟ್ಟಿಯಾದ ಎಣ್ಣೆ

ಹಳೆ ರೈಫಲ್‌ಗಳಲ್ಲಿ ಅತಿ ಹೆಚ್ಚು ಸಿಗುವ ದೋಷ ಇದೇ. ವರ್ಷ ವರ್ಷ ಟ್ರಿಗರ್ ಸಂದಿಗೆ ಹೊಡೆದ ಸ್ಪ್ರೇ ಎಣ್ಣೆಯ ಹಗುರ ಭಾಗ ಆರಿಹೋಗಿ, ಉಳಿದದ್ದು ಧೂಳು, ಬಟ್ಟೆಯ ನಾರು, ಮದ್ದಿನ ಮಸಿಯ ಜೊತೆ ಸೇರಿ ಕಂದು ಬಣ್ಣದ ಅರಗಿನಂತಾಗುತ್ತದೆ. ಗೋದಾಮಿನಲ್ಲಿ ಬಹಳ ಕಾಲ ಇದ್ದ ಸೈನ್ಯದ ರೈಫಲ್ ಆದರೆ ತುಕ್ಕು ತಡೆಯಲು ಬಳಿದ ಕಾಸ್ಮೊಲಿನ್ ಗ್ರೀಸ್ ಇದ್ದೀತು. ಲಕ್ಷಣಗಳು ಸ್ಪಷ್ಟ: ಟ್ರಿಗರ್ ಬಿಟ್ಟಾಗ ಟಕ್ಕೆಂದು ಮುಂದೆ ಬರದೆ ತೆವಳಿಕೊಂಡು ಬರುತ್ತದೆ, ಬೆಳಗಿನ ಚಳಿಯಲ್ಲಿ ಬೋಲ್ಟ್ ಮುಚ್ಚಿದರೆ ಒಮ್ಮೊಮ್ಮೆ ಕಾಕ್ ಆಗುವುದಿಲ್ಲ, ಬಿಸಿಲೇರಿದ ಮೇಲೆ ಎಲ್ಲ ಸರಿ.

ಟ್ರಿಗರ್ ಪೆಟ್ಟಿಗೆಯನ್ನು ಬಿಚ್ಚಿ ತುಂಡು ತುಂಡು ಮಾಡುವ ಅಗತ್ಯವಿಲ್ಲ. ಸ್ಟಾಕ್ ತೆಗೆದು, ಬೋಲ್ಟ್ ತೆಗೆದು, ಗಾಳಿಯಾಡುವ ಹೊರಾಂಗಣದಲ್ಲಿ ಬೆಂಕಿಯಿಂದ ದೂರ ಕುಳಿತು ನಾಫ್ತಾವನ್ನು ಪೆಟ್ಟಿಗೆಯ ಎಲ್ಲ ಸಂದಿಗಳಿಗೂ ಧಾರಾಳವಾಗಿ ಸುರಿಯಿರಿ. ಟ್ರಿಗರ್ ಮತ್ತು ಸೇಫ್ಟಿಯನ್ನು ಹಿಂದೆ ಮುಂದೆ ಆಡಿಸುತ್ತಿರಿ. ಕಂದು ನೀರು ಇಳಿಯುತ್ತದೆ. 10 ನಿಮಿಷ ಬಿಟ್ಟು ಮತ್ತೆ ಸುರಿಯಿರಿ. ಇಳಿಯುವ ದ್ರವ ತಿಳಿಯಾಗುವವರೆಗೆ, ಸಾಮಾನ್ಯವಾಗಿ 3ರಿಂದ 4 ಸಲ ಬೇಕಾಗುತ್ತದೆ. ಆಮೇಲೆ ಗಾಳಿ ಊದಿ ಪೂರ್ತಿ ಒಣಗಿಸಿ. ಕಾರಿನ ಬ್ರೇಕ್ ಕ್ಲೀನರ್ ಇನ್ನೂ ಚುರುಕು, ಆದರೆ ಸ್ಟಾಕ್‌ನ ಪಾಲಿಶ್, ಪ್ಲಾಸ್ಟಿಕ್ ಭಾಗ ಎರಡನ್ನೂ ತಿನ್ನುತ್ತದೆ. ಒಳಗೆ ಪ್ಲಾಸ್ಟಿಕ್ ಇದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ ನಾಫ್ತಾವೇ ಸಾಕು.

ಒಣಗಿದ ಮೇಲೆ ಎಣ್ಣೆ ಹಾಕಬೇಕೇ? ಮುಚ್ಚಿದ ಪೆಟ್ಟಿಗೆಯ ಟ್ರಿಗರ್‌ಗೆ ಒದ್ದೆ ಎಣ್ಣೆ ಬೇಡ. ಬೇಕೆನಿಸಿದರೆ ಒಣಗುವ ಬಗೆಯ ಲೂಬ್ರಿಕೆಂಟ್ ಪಿನ್‌ಗಳ ಜಾಗಕ್ಕೆ ಒಂದು ಹನಿ. ಮೌಸರ್‌ನಂಥ ತೆರೆದ ಟ್ರಿಗರ್‌ನಲ್ಲಿ ಸಿಯರ್ ಮತ್ತು ಕಾಕಿಂಗ್ ಪೀಸ್ (ಬೋಲ್ಟ್‌ನ ಹಿಂಬದಿಯಲ್ಲಿ ಸಿಯರ್‌ಗೆ ಸಿಗುವ ತುಂಡು) ತಿಕ್ಕುವ ಮುಖಕ್ಕೆ ಸಾಸಿವೆ ಕಾಳಿನಷ್ಟು ಮಾಲಿಬ್ಡಿನಂ ಗ್ರೀಸ್ ಸಾಕು. ಅಷ್ಟರಿಂದಲೇ ಎಳೆತದ ಒರಟುತನ ಗಮನಾರ್ಹವಾಗಿ ತಗ್ಗುತ್ತದೆ. ಮತ್ತೆ ಅಳೆಯಿರಿ. ತೃಪ್ತಿಯಾದರೆ ಕೊನೆಯ ಪರೀಕ್ಷೆಗಳಿಗೆ ನೇರ ಹೋಗಿ, ಮುಂದಿನ ಯಾವುದೂ ಬೇಡ.

ಸಿಯರ್ ಮುಖ ಓದುವುದು

ಶುಚಿ ಮಾಡಿದ ಮೇಲೂ ಒರಟು ಉಳಿದರೆ ಸಿಯರ್ ನೋಡಬೇಕು. ಕಚ್ಚುವ ಎರಡೂ ಮುಖಗಳಿಗೆ ಮಾರ್ಕರ್ ಬಳಿದು, ಒಣಗಿದ ಮೇಲೆ 5 ಸಲ ಕಾಕ್ ಮಾಡಿ ಬೀಳಿಸಿ. ಮಸಿ ಅಳಿಸಿದ ಜಾಗ ಭೂತಗನ್ನಡಿಯಲ್ಲಿ ಕಥೆ ಹೇಳುತ್ತದೆ. ಅಗಲಕ್ಕೂ ಸಮನಾಗಿ ಅಳಿಸಿದ್ದರೆ ಒಳ್ಳೆಯದು. ಒಂದು ಪಕ್ಕ ಮಾತ್ರ ಅಳಿಸಿದ್ದರೆ ಭಾಗ ತಿರುಗುವ ಪಿನ್‌ನ ತೂತು ಸವೆದು ಅದು ವಾಲಿದೆ, ಮುಖಕ್ಕೆ ಸಾಣೆ ಹಿಡಿದರೆ ಪ್ರಯೋಜನವಿಲ್ಲ. ಅಂಚಿನ ಕೂದಲೆಳೆಯಷ್ಟು ಮಾತ್ರ ಅಳಿಸಿದ್ದರೆ ಕಚ್ಚು ಅಪಾಯಕಾರಿಯಾಗಿ ಕಡಿಮೆ. ಅಡ್ಡಗೆರೆಗಳು ಕಂಡರೆ ಅದು ಕಾರ್ಖಾನೆಯ ಕಟ್ಟರ್ ಬಿಟ್ಟ ಗುರುತು, ಕಿರುಗುಟ್ಟುವಿಕೆಯ ಮೂಲ ಅದೇ. ಅಂಚು ಮುರಿದಿದ್ದರೆ, ದುಂಡಗಾಗಿದ್ದರೆ ಹೊಸ ಭಾಗವೇ ಬೇಕು.

ಇದಕ್ಕಿಂತ ಮುಖ್ಯವಾದದ್ದು ಕೋನ. ತೆರೆದ ಟ್ರಿಗರ್‌ನಲ್ಲಿ ಬೋಲ್ಟ್‌ನ ಹಿಂಬದಿಯ ಕಾಕಿಂಗ್ ಪೀಸನ್ನು ಪಕ್ಕದಿಂದ ನೋಡುತ್ತ ಟ್ರಿಗರನ್ನು ಬಹಳ ನಿಧಾನವಾಗಿ ಒತ್ತಿ. ಪಿನ್ ಬೀಳುವ ಮುಂಚೆ ಕಾಕಿಂಗ್ ಪೀಸ್ ಕೂದಲೆಳೆಯಷ್ಟು ಹಿಂದಕ್ಕೆ ಹೋದರೆ ಕೋನ ಸುರಕ್ಷಿತ: ಬಿಟ್ಟರೆ ಸ್ಪ್ರಿಂಗ್ ಒತ್ತಡವೇ ಸಿಯರನ್ನು ಮತ್ತೆ ಒಳಕ್ಕೆ ತಳ್ಳುತ್ತದೆ. ಕದಲದಿದ್ದರೆ ಕೋನ ತಟಸ್ಥ. ಮುಂದಕ್ಕೆ ತೆವಳಿದರೆ ಕೋನ ತಿರುಗುಮುರುಗಾಗಿದೆ, ಸಿಯರ್ ತಾನಾಗಿಯೇ ಕಳಚಿಕೊಳ್ಳಲು ನೋಡುತ್ತಿದೆ. ಅಂಥ ಟ್ರಿಗರ್ ಬೆರಳಿಗೆ ಬಹಳ ಸೊಗಸಾಗಿ, ಹಗುರವಾಗಿ ಅನಿಸುತ್ತದೆ, ಅದಕ್ಕೇ ಹಿಂದಿನ ಮಾಲೀಕರು ಹಾಗೆ ಮಾಡಿಟ್ಟಿರುವುದುಂಟು. ಹಾಗೆ ಕಂಡರೆ ಎರಡೂ ಭಾಗ ಬದಲಿಸಿ.

ಸಾಣೆಗೆ ಒಂದೇ ಒಂದು ಕೆಲಸವಿದೆ: ಇರುವ ಕೋನದಲ್ಲೇ, ಇರುವ ಮುಖವನ್ನು ನಯ ಮಾಡುವುದು. ಹಳೆ ಸಿಯರ್‌ಗಳಲ್ಲಿ ಬಹಳಷ್ಟು ಮೇಲ್ಪದರ ಮಾತ್ರ ಗಟ್ಟಿ ಮಾಡಿದಂಥವು. ಆ ಪದರ ಮಿಲಿಮೀಟರಿನ ಸಣ್ಣ ಭಾಗವಷ್ಟೇ ಇರುತ್ತದೆ, ಅದರ ಕೆಳಗಿರುವುದು ಮೆದು ಉಕ್ಕು. ಪದರ ದಾಟಿದ ದಿನ ಟ್ರಿಗರ್ ಅದ್ಭುತವಾಗಿರುತ್ತದೆ. ಕೆಲವು ನೂರು ಸಲ ಬೋಲ್ಟ್ ಆಡಿಸುವಷ್ಟರಲ್ಲಿ ಮೆದು ಅಂಚು ಜಜ್ಜಿ, ಕಚ್ಚು ತಾನಾಗಿ ಬದಲಾಗುತ್ತದೆ. ನಯವಾದ ಸೆರಾಮಿಕ್ ಕಲ್ಲು ಅಥವಾ ಗಟ್ಟಿ ಆರ್ಕನ್ಸಾ ಕಲ್ಲು, ಭಾಗವನ್ನು ಕೋನ ಬಿಡದೆ ಹಿಡಿಯುವ ಜಿಗ್, ಒಂದು ಸಲಕ್ಕೆ 4–5 ಎಳೆತ, ನಂತರ ಮಾರ್ಕರ್ ಬಳಿದು ನೋಡುವುದು. ಗೆರೆಗಳು ತುದಿಗಳಲ್ಲಿ ಉಳಿದಿದ್ದರೂ ನಿಲ್ಲಿಸಿ, ಪೂರ್ತಿ ಕನ್ನಡಿಯಾಗಬೇಕಿಲ್ಲ. ಅಂಚನ್ನು ಮುಟ್ಟಬೇಡಿ. ಮೋಟಾರಿಗೆ ಸಿಕ್ಕಿಸುವ ಸಾಣೆ ಚಕ್ರ, ಬಟ್ಟೆ ಚಕ್ರ ಇವೆರಡೂ ಈ ಕೆಲಸಕ್ಕೆ ಸಲ್ಲ, ಅಂಚನ್ನು ದುಂಡಗೆ ಮಾಡುತ್ತವೆ. ಜಿಗ್ ಇಲ್ಲದಿದ್ದರೆ ಕಲ್ಲನ್ನು ಎತ್ತಲೇಬೇಡಿ, ಹೊಸ ಟ್ರಿಗರ್ ಕೊಳ್ಳುವುದು ಒಳಿತು.

ಮೌಸರ್ 98ರ ವಿಷಯದಲ್ಲಿ ಮತ್ತೊಂದು ಮಾತು. ಟ್ರಿಗರ್‌ನ ಮೇಲ್ತುದಿಯಲ್ಲಿ ಎರಡು ಉಬ್ಬುಗಳಿವೆ. ಮೊದಲನೆಯದು ರಿಸೀವರ್‌ನ ತಳಕ್ಕೆ ಒತ್ತಿದಾಗ ಮೊದಲ ಹಂತ, ಎರಡನೆಯದು ತಾಗಿದಾಗ ಗೋಡೆ. ಮೊದಲ ಹಂತ ಬೇಡವೆಂದು ಉಬ್ಬುಗಳನ್ನು ಉಜ್ಜಿದರೆ, ಸಿಯರ್ ಕೆಳಗಿಳಿದೇ ನಿಲ್ಲುವಂತೆ ಮಾಡಿದರೆ ಕಚ್ಚು ಕಡಿಮೆಯಾಗುತ್ತದೆ. ಮೇಲಾಗಿ ಬೋಲ್ಟ್ ಹಿಂದಿನ ರೆಕ್ಕೆ ಸೇಫ್ಟಿ ಕಾಕಿಂಗ್ ಪೀಸನ್ನು ಸಿಯರ್‌ನಿಂದ ಸ್ವಲ್ಪ ಹಿಂದಕ್ಕೆ ಎತ್ತಿ ಹಿಡಿಯುತ್ತದೆ. ಸಿಯರ್ ಅಥವಾ ಕಾಕಿಂಗ್ ಪೀಸ್‌ನಿಂದ ಉಕ್ಕು ತೆಗೆದರೆ ಆ ಹೊಂದಾಣಿಕೆ ತಪ್ಪಿ ಸೇಫ್ಟಿ ತಿರುಗುವುದೇ ಇಲ್ಲ. ಎರಡು ಹಂತದ ಟ್ರಿಗರ್ ಶುಚಿಯಾಗಿದ್ದರೆ ಬೇಟೆಗೆ ಬಹಳ ಒಳ್ಳೆಯದು. ಒಂದೇ ಹಂತ ಬೇಕೆಂದರೆ ಪೂರ್ತಿ ಬೇರೆ ಟ್ರಿಗರ್ ಕೂರಿಸುವುದು ಸರಿಯಾದ ದಾರಿ.

ಫೈರಿಂಗ್ ಪಿನ್ ಸ್ಪ್ರಿಂಗ್ ಕತ್ತರಿಸಿ ಎಳೆತ ಇಳಿಸುವ ಹಳೆ ಉಪಾಯವನ್ನು ಮರೆತುಬಿಡಿ. ಪೆಟ್ಟು ಮೆದುವಾಗಿ ಪ್ರೈಮರ್ (ತೋಟಾದ ಮದ್ದಿಗೆ ಕಿಡಿ ಕೊಡುವ ಭಾಗ) ಹೊತ್ತದೆ ಉಳಿಯುತ್ತದೆ, ಅದೂ ಚಳಿಯಲ್ಲಿ.

ಸ್ಕ್ರೂ ಇರುವ ಟ್ರಿಗರ್‌ಗಳು

ಸಾಮಾನ್ಯವಾಗಿ ಮೂರು ಹೊಂದಿಕೆಗಳಿರುತ್ತವೆ: ಎಳೆತದ ಸ್ಪ್ರಿಂಗ್, ಸಿಯರ್ ಕಚ್ಚು, ಓವರ್‌ಟ್ರಾವೆಲ್. ಯಾವ ಸ್ಕ್ರೂ ಯಾವುದು ಎಂದು ಆ ಮಾದರಿಯ ಕೈಪಿಡಿಯಿಂದ ಖಚಿತಪಡಿಸಿಕೊಳ್ಳದೆ ತಿರುಗಿಸಬೇಡಿ. ತಿರುಗಿಸುವ ಮುನ್ನ ಪ್ರತಿ ಸ್ಕ್ರೂ ಪೂರ್ತಿ ಒಳಹೋಗಲು ಎಷ್ಟು ಸುತ್ತು ಬೇಕು ಎಂದು ಎಣಿಸಿ ಬರೆದಿಡಿ, ಹಿಂದಿನ ಸ್ಥಿತಿಗೆ ಬರುವ ದಾರಿ ಅದೊಂದೇ.

ಸ್ಪ್ರಿಂಗ್ ಸ್ಕ್ರೂವನ್ನು ಕಾಲು ಸುತ್ತು, ಅಳತೆ, ಮತ್ತೆ ಕಾಲು ಸುತ್ತು. ಟ್ರಿಗರನ್ನು ಮುಂದಕ್ಕೆ ತಂದು ಸಿಯರ್ ಕೆಳಗೆ ಕೂರಿಸುವ ಕೆಲಸವೂ ಈ ಸ್ಪ್ರಿಂಗ್‌ನದೇ, ಆದ್ದರಿಂದ ಅತಿಯಾಗಿ ಸಡಿಲಿಸಿದರೆ ಬೋಲ್ಟ್ ಜೋರಾಗಿ ಮುಚ್ಚಿದಾಗ ಟ್ರಿಗರ್ ಹಿಂದಿರುಗುವುದರೊಳಗೆ ಸಿಯರ್ ಜಾರಿಬಿಡುತ್ತದೆ.

ಕಚ್ಚು 0.4ರಿಂದ 0.6 ಮಿ.ಮೀ. ನಡುವೆ ಇರಲಿ. ಅದಕ್ಕಿಂತ ಹೆಚ್ಚಾದರೆ ಕ್ರೀಪ್ ತಿಳಿಯುತ್ತದೆ, ಕಡಿಮೆಯಾದರೆ ಒಂದು ಧೂಳಿನ ಕಣ ಅಥವಾ ಒಂದು ಪೆಟ್ಟು ಅನಾಹುತಕ್ಕೆ ಸಾಕು. ಸ್ವಲ್ಪ ಕ್ರೀಪ್ ಉಳಿದ ಬೇಟೆ ಟ್ರಿಗರ್ ಬಗ್ಗೆ ಯಾರೂ ನಾಚಬೇಕಿಲ್ಲ.

ಓವರ್‌ಟ್ರಾವೆಲ್ ಸ್ಕ್ರೂವನ್ನು ಪಿನ್ ಬಿದ್ದ ತಕ್ಷಣ ಟ್ರಿಗರ್ ನಿಲ್ಲುವಂತೆ ಬಿಗಿ ಮಾಡುವ ಆಸೆ ಎಲ್ಲರಿಗೂ ಇದೆ. ಹಾಗೆ ಮಾಡಿದರೆ ಇಳಿಯುವ ಸಿಯರ್ ಟ್ರಿಗರ್ ಅಂಚನ್ನು ಕೆರೆಯುತ್ತ ಹೋಗುತ್ತದೆ, ಚಳಿಯಲ್ಲಿ ಅಥವಾ ಧೂಳು ಸೇರಿದಾಗ ಬೀಳುವುದೇ ಇಲ್ಲ. ನಿಲ್ಲುವ ಜಾಗ ಸಿಕ್ಕ ಮೇಲೆ ಅರ್ಧ ಸುತ್ತು ಹಿಂದಕ್ಕೆ ಬಿಡಿ. ನಂತರ ಪ್ರತಿ ಸ್ಕ್ರೂ ತಲೆಗೂ ಉಗುರು ಬಣ್ಣದ ಒಂದು ಹನಿ. ತೆಳ್ಳಗೆ ಹರಿಯುವ ಲಾಕ್ ದ್ರವ ಬೇಡ, ಎಳೆಗಳ ಮೂಲಕ ಇಳಿದು ಸಿಯರ್‌ಗೆ ಅಂಟುತ್ತದೆ.

ವಿಂಚೆಸ್ಟರ್ ಮಾಡೆಲ್ 70ರ 1964ಕ್ಕಿಂತ ಹಿಂದಿನ ರೈಫಲ್‌ಗಳಲ್ಲಿ ಟ್ರಿಗರ್ ಪೆಟ್ಟಿಗೆಯೇ ಇಲ್ಲ, ಎಲ್ಲವೂ ತೆರೆದೇ ಇದೆ. ಕಸ ನಿಲ್ಲುವುದಿಲ್ಲ, ಕಣ್ಣಿಗೆ ಕಾಣುತ್ತದೆ, ಎರಡು ನಿಮಿಷದಲ್ಲಿ ಶುಚಿಯಾಗುತ್ತದೆ. ಸ್ಪ್ರಿಂಗ್ ಒತ್ತಡ ಮತ್ತು ಓವರ್‌ಟ್ರಾವೆಲ್ ಎರಡಕ್ಕೂ ನಟ್‌ಗಳಿವೆ, ಕಚ್ಚಿಗೆ ಸ್ಕ್ರೂ ಇಲ್ಲ. ಇಷ್ಟು ಸರಳವಾಗಿ ಇಷ್ಟು ಭರವಸೆ ಕೊಡುವ ಬೇಟೆ ಟ್ರಿಗರ್‌ಗಳು ಕಡಿಮೆ. ನಟ್ ಸರಿಪಡಿಸಿದ ಮೇಲೆ ಒಂದಕ್ಕೊಂದು ಬಿಗಿದು ನಿಲ್ಲಿಸುವುದನ್ನು ಮರೆಯಬೇಡಿ.

ರೆಮಿಂಗ್ಟನ್ 700 ಬೇರೆ ಮಾತು. 1962ರಲ್ಲಿ ಬಂದ ಈ ರೈಫಲ್‌ನ ಹಳೆ ವಾಕರ್ ಟ್ರಿಗರ್‌ನಲ್ಲಿ ಟ್ರಿಗರ್ ಮತ್ತು ಸಿಯರ್ ನಡುವೆ ಕನೆಕ್ಟರ್ ಎಂಬ ಬಿಡಿ ತುಂಡೊಂದಿದೆ. ಪ್ರತಿ ಸಲ ಪಿನ್ ಬಿದ್ದಾಗ ಅದು ಟ್ರಿಗರ್‌ನಿಂದ ದೂರ ಸರಿದು ಮತ್ತೆ ಬಂದು ಕೂರಬೇಕು. ನಡುವೆ ಕಸ, ಗಟ್ಟಿ ಎಣ್ಣೆ ಸಿಕ್ಕಿದರೆ ಪೂರ್ತಿ ಕೂರದೆ ಕಚ್ಚು ಅಂಚಿನಲ್ಲಿ ನಿಲ್ಲುತ್ತದೆ. ಸೇಫ್ಟಿ ತೆಗೆದಾಗ, ಬೋಲ್ಟ್ ಮುಟ್ಟಿದಾಗ ತಾನಾಗಿ ಹಾರುವ ದೂರುಗಳ ಹಿಂದೆ ಈ ರಚನೆ ಇದೆ ಎಂಬುದು ನ್ಯಾಯಾಲಯಗಳವರೆಗೆ ಹೋದ ವಿಷಯ. 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ತಯಾರಾದ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್‌ಗಳನ್ನು ಜೋಡಿಸುವಾಗ ಅಂಟು ಹೆಚ್ಚಾಗಿ ಬಿದ್ದ ಕಾರಣಕ್ಕೆ ಕಂಪನಿಯೇ ಹಿಂದಕ್ಕೆ ಕರೆಯಿತು. ಟ್ರಿಗರ್ ಮುಖದ ಮೇಲೆ ಉದ್ದ ಗೆರೆಗಳಿದ್ದರೆ ಅದು ವಾಕರ್, ನುಣುಪಾಗಿದ್ದರೆ ಎಕ್ಸ್-ಮಾರ್ಕ್ ಪ್ರೊ. ವಾಕರ್ ಟ್ರಿಗರನ್ನು ಹಗುರ ಮಾಡಲು ಹೊರಡುವುದನ್ನು ನಾವು ಒಪ್ಪುವುದಿಲ್ಲ. ಕನೆಕ್ಟರ್ ಇಲ್ಲದ ಹೊಸ ಟ್ರಿಗರ್ ಎರಡು ಪಿನ್‌ಗಳಲ್ಲಿ ಕೂರುತ್ತದೆ, ಆ ಖರ್ಚು ಸಾರ್ಥಕ. ಇನ್ನೊಂದು ಗಮನಿಸಿ: 1982ಕ್ಕಿಂತ ಹಿಂದಿನವುಗಳಲ್ಲಿ ಸೇಫ್ಟಿ ಹಾಕಿದಾಗ ಬೋಲ್ಟ್ ಕೂಡ ಬೀಗ ಬೀಳುತ್ತದೆ, ತೋಟಾ ತೆಗೆಯಲು ಸೇಫ್ಟಿ ಬಿಡಲೇಬೇಕು. ಅನುಮಾನದ ಟ್ರಿಗರ್ ಜೊತೆ ಈ ಗುಣ ಸೇರುವುದು ಒಳ್ಳೆಯದಲ್ಲ.

ಟ್ರಿಗರ್ ಮೇಲೆ ಅಗಲದ ಕವಚ ಸಿಕ್ಕಿಸಿದರೆ ಒತ್ತಡ ಬೆರಳಿನ ಮೇಲೆ ಹರಡಿ ಎಳೆತ ಹಗುರ ಅನಿಸುತ್ತದೆ, ನಿಜ. ಆದರೆ ಅದು ಗಾರ್ಡ್‌ಗಿಂತ ಅಗಲವಾದರೆ ಪೊದೆಯ ಕಡ್ಡಿಗೂ ಚೀಲದ ಪಟ್ಟಿಗೂ ಸಿಗುತ್ತದೆ. ಬೇಟೆ ರೈಫಲ್‌ಗೆ ಬೇಡ.

ಕೊನೆಯ ಪರೀಕ್ಷೆಗಳು

ಏನನ್ನೇ ಮುಟ್ಟಿದ್ದರೂ, ಬರಿ ತೊಳೆದಿದ್ದರೂ, ಸ್ಟಾಕ್ ಕೂಡಿಸಿದ ಮೇಲೆ ಖಾಲಿ ರೈಫಲ್‌ನಲ್ಲಿ ಇವೆಲ್ಲ ಪಾಸಾಗಬೇಕು. ಒಂದು ಸಲ ತಪ್ಪಿದರೂ ತಪ್ಪಿದಂತೆಯೇ.

1. ಸೇಫ್ಟಿ ಬಿಟ್ಟು ಬೋಲ್ಟನ್ನು 20 ಸಲ ಬಲವಾಗಿ ತಳ್ಳಿ ಮುಚ್ಚಿ. ಒಮ್ಮೆಯೂ ಪಿನ್ ಬೀಳಬಾರದು.

2. ಸೇಫ್ಟಿ ಹಾಕಿ, ಟ್ರಿಗರನ್ನು 4–5 ಕೆ.ಜಿ. ಒತ್ತಡದಲ್ಲಿ ಎಳೆದು ಬಿಡಿ. ಬೆರಳು ಹೊರ ತೆಗೆದು ಸೇಫ್ಟಿ ಬಿಡಿ. ಪಿನ್ ಬೀಳಬಾರದು. ಈಗ ಟ್ರಿಗರ್ ಎಳೆದರೆ ಮೊದಲಿನ ತೂಕಕ್ಕೇ ಬೀಳಬೇಕು. 10 ಸಲ. ಮೂರು ಸ್ಥಾನದ ಸೇಫ್ಟಿಯಾದರೆ ನಡುವಿನ ಸ್ಥಾನದಲ್ಲೂ ಅಷ್ಟೇ ಸಲ.

3. ಸೇಫ್ಟಿಯನ್ನು ಅರ್ಧದಲ್ಲಿ ನಿಲ್ಲಿಸಿ ಟ್ರಿಗರ್ ಎಳೆಯಿರಿ, ಬಿಡಿ, ನಂತರ ಪೂರ್ತಿ ಮುಂದಕ್ಕೆ ತಳ್ಳಿ. ಬೀಳಬಾರದು.

4. ಕಾಕ್ ಮಾಡಿ, ಸೇಫ್ಟಿ ಬಿಟ್ಟು, ನೆಲದ ಮೇಲೆ ಹಾಸಿದ ದಪ್ಪ ರಬ್ಬರ್ ಮೇಲೆ ಸುಮಾರು 30 ಸೆಂ.ಮೀ. ಎತ್ತರದಿಂದ ಹಿಂಬದಿ ಕುಟ್ಟಿ. ಎರಡೂ ಪಕ್ಕಗಳಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿ.

5. ಅರ್ಧ ಒತ್ತಿ ಬಿಡುವ ಪರೀಕ್ಷೆ, 10 ಸಲ.

6. ಚಳಿ ನಾಡಿನಲ್ಲಿ ಬೇಟೆಯಾದರೆ ಟ್ರಿಗರ್ ಸಮೇತ ಆ್ಯಕ್ಷನ್ ಅನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು, ಹೊರತೆಗೆದ ಕೂಡಲೇ 1, 2 ಮತ್ತು 5ನೆಯದನ್ನು ಮಾಡಿ. ಆಮೇಲೆ ತೇವ ಒಣಗಿಸಿ.

ಬೋಲ್ಟ್ ತಳ್ಳಿದಾಗ ಬಿದ್ದರೆ ಕಚ್ಚು ಅಥವಾ ಸ್ಪ್ರಿಂಗ್ ಕಡಿಮೆಯಾಗಿದೆ. ಸೇಫ್ಟಿ ಬಿಟ್ಟಾಗ ಬಿದ್ದರೆ ಸೇಫ್ಟಿ ಸಿಯರನ್ನು ಎತ್ತಿ ಹಿಡಿಯುತ್ತಿಲ್ಲ, ಟ್ರಿಗರ್ ವಾಪಸ್ ಬರಲು ಜಾಗವಿಲ್ಲ. ಕುಟ್ಟಿದಾಗ ಬಿದ್ದರೆ ಮೊದಲು ಕಚ್ಚಿನ ಅಳತೆ, ಅದು ಸರಿಯಿದ್ದರೆ ಕೋನ. ಕಾರಣ ಸಿಗದಿದ್ದರೆ ಹೊಂದಿಕೆಯನ್ನು ಹೆಚ್ಚು ಕಡಿಮೆ ಮಾಡಿ ಪರೀಕ್ಷೆ ದಾಟಿಸಲು ಹೋಗಬೇಡಿ, ಬೋಲ್ಟ್ ತೆಗೆದು ಬೇರೆ ಇಟ್ಟು ರಿಪೇರಿಗಾರರಿಗೆ ಕೊಡಿ, ಬರೆದಿಟ್ಟ ಅಳತೆಗಳ ಸಮೇತ.

ಎಲ್ಲ ಪಾಸಾದ ಮೇಲೆ ಶೂಟಿಂಗ್ ರೇಂಜ್‌ನಲ್ಲಿ ಮೊದಲ 10 ಗುಂಡುಗಳನ್ನು ಮ್ಯಾಗಜೀನ್ ತುಂಬದೆ ಒಂದೊಂದೇ ಹಾಕಿ ಹಾರಿಸಿ, ಬೋಲ್ಟ್ ಮುಚ್ಚುವಾಗಲೂ ನಳಿಗೆ ಗುರಿದಿಬ್ಬದ ಕಡೆಗೇ ಇರಲಿ. ಮನೆಗೆ ಬಂದು ಮತ್ತೊಮ್ಮೆ ತೂಕ ಅಳೆಯಿರಿ. 100 ಗುಂಡುಗಳ ನಂತರ ಇನ್ನೊಮ್ಮೆ. ಎಳೆತ ತಾನಾಗಿ ಇಳಿಯುತ್ತ ಹೋಗಿದ್ದರೆ ಸಿಯರ್‌ನ ಮೇಲ್ಪದರ ಸವೆಯುತ್ತಿದೆ ಎಂದು ಅನುಮಾನಿಸಿ. ಸಿಯರ್ ತೆಗೆದು ಭೂತಗನ್ನಡಿಯಲ್ಲಿ ನೋಡಿ, ಅಂಚು ಜಜ್ಜಿದ್ದರೆ ಹೊಸದು ಹಾಕಿ.